ಡ್ರಾಕುಲಾ ಬಂದಿಳಿದ ಊರು ವಿಟ್ಬಿ: 199 ಮೆಟ್ಟಿಲು, ಹಾವಿನ ಕಲ್ಲು, ಕುಕ್‌ನ ಹಡಗು

ಇಂಗ್ಲೆಂಡ್ ಪ್ರವಾಸವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಲಂಡನ್ ಮಾತ್ರ. ಎರಡು ದಿನ ಬಿಡುವಿದ್ದರೆ ಉತ್ತರದ ಯಾರ್ಕ್‌ಷೈರ್ ಕರಾವಳಿಗೆ ಹೋಗಿ ಬನ್ನಿ. ಎಸ್ಕ್ ನದಿ ಸಮುದ್ರ ಸೇರುವಲ್ಲಿ ಕೆಂಪು ಹೆಂಚಿನ ಮನೆಗಳು, ಮೀನುಗಾರರ ದೋಣಿಗಳಿಂದ ಕೂಡಿದ ವಿಟ್ಬಿ ಎಂಬ ಪುಟ್ಟ ಊರಿದೆ.

ಬೆಟ್ಟದ ಮೇಲಿನ ಮಠ

ಹಳೇ ಊರಿನ ಓಣಿಯಿಂದ 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚ್. ಹಿಂದೆ ಶವಪೆಟ್ಟಿಗೆ ಹೊತ್ತವರು ದಣಿವಾರಿಸಿಕೊಳ್ಳುತ್ತಿದ್ದ ಕಟ್ಟೆಗಳಲ್ಲಿ ಈಗ ಪ್ರವಾಸಿಗರು ಕೂರುತ್ತಾರೆ. ಚರ್ಚಿನಾಚೆ ಮಠದ ಅವಶೇಷಗಳಿವೆ. ಕ್ರಿ.ಶ. 657ರಲ್ಲಿ ಇಲ್ಲಿ ಮಠ ಆರಂಭವಾದಾಗ ಗಂಡಸರು, ಹೆಂಗಸರು ಇಬ್ಬರಿಗೂ ಹಿಲ್ಡಾ ಎಂಬ ಸನ್ಯಾಸಿನಿಯೇ ಮುಖ್ಯಸ್ಥೆ. ಈಸ್ಟರ್ ದಿನವನ್ನು ಯಾವ ಲೆಕ್ಕದಲ್ಲಿ ಗೊತ್ತು ಮಾಡಬೇಕು ಎಂಬ ವಾದ 664ರಲ್ಲಿ ಇಲ್ಲೇ ನಡೆದು, ರೋಮ್ ಪದ್ಧತಿ ಗೆದ್ದಿತು. 1539ರಲ್ಲಿ ದೊರೆ 8ನೇ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು. 1914ರ ಡಿಸೆಂಬರ್‌ನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡುಗಳೂ ಈ ಗೋಡೆಗಳಿಗೆ ಬಡಿದವು.

ಶಾಲಿಗ್ರಾಮದ ನೆಂಟ

ವಿಟ್ಬಿಯ ದಂಡೆಯಲ್ಲಿ ಸುರುಳಿ ಸುತ್ತಿದ ಕಲ್ಲುಗಳು ಸಿಗುತ್ತವೆ. ಹಿಲ್ಡಾ ಹಾವುಗಳನ್ನೆಲ್ಲ ಕಲ್ಲಾಗಿಸಿದಳು ಎಂಬುದು ಊರಿನ ಐತಿಹ್ಯ. ನಿಜಕ್ಕೂ ಅವು ಅಮೋನೈಟ್ ಎಂಬ ಕಡಲ ಜೀವಿಯ ಪಳೆಯುಳಿಕೆ. ಗಂಡಕಿ ನದಿಯಿಂದ ಬಂದು ನಮ್ಮ ದೇವರ ಮನೆಯಲ್ಲಿ ಪೂಜೆಗೊಳ್ಳುವ ಶಾಲಿಗ್ರಾಮವೂ ಅದೇ ಕುಲದ್ದು. ಕಲ್ಲು ಹುಡುಕಲು ಹೋಗುವವರು ಮಾತ್ರ ಉಬ್ಬರದ ಸಮಯ ತಿಳಿದುಕೊಳ್ಳಬೇಕು, ಕುಸಿಯುವ ಬಂಡೆಗಳಿಂದ ದೂರವಿರಬೇಕು.

ನಾವಿಕ ಮತ್ತು ರಕ್ತಪಿಪಾಸು

ಕ್ಯಾಪ್ಟನ್ ಜೇಮ್ಸ್ ಕುಕ್ ಹಡಗಿನ ಕೆಲಸ ಕಲಿತದ್ದು ಇಲ್ಲೇ. ಆತ ಆಸ್ಟ್ರೇಲಿಯಾದ ಪೂರ್ವ ಕರಾವಳಿ ತಲುಪಿದ 'ಎಂಡೆವರ್' ಹಡಗು ವಿಟ್ಬಿಯಲ್ಲಿ ಕಲ್ಲಿದ್ದಲು ಸಾಗಿಸಲೆಂದು ಕಟ್ಟಿದ್ದು. ಗುರು ಜಾನ್ ವಾಕರ್ ಅವರ ಮನೆ ಈಗ ವಸ್ತುಸಂಗ್ರಹಾಲಯ.

1890ರಲ್ಲಿ ರಜೆಗೆ ಬಂದ ಬ್ರಾಮ್ ಸ್ಟೋಕರ್‌ಗೆ 'ಡ್ರಾಕುಲಾ' ಎಂಬ ಹೆಸರು ಸಿಕ್ಕಿದ್ದು ಇಲ್ಲಿನ ಗ್ರಂಥಾಲಯದ ಪುಸ್ತಕವೊಂದರಲ್ಲಿ. 1897ರ ಕಾದಂಬರಿಯಲ್ಲಿ ಡ್ರಾಕುಲಾ ಇದೇ ದಡದಲ್ಲಿ ದೊಡ್ಡ ನಾಯಿಯ ರೂಪದಲ್ಲಿ ಹಡಗಿನಿಂದ ಜಿಗಿಯುತ್ತಾನೆ.

ಸುತ್ತಮುತ್ತ

ಉಗಿಬಂಡಿ ಪ್ರಿಯರಿಗೆ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆ ಇದೆ. ಅದರ ಗೋತ್‌ಲ್ಯಾಂಡ್ ನಿಲ್ದಾಣವೇ ಮೊದಲ ಹ್ಯಾರಿ ಪಾಟರ್ ಚಿತ್ರದ ಹಾಗ್ಸ್‌ಮೀಡ್. ದಕ್ಷಿಣಕ್ಕೆ ಸುಮಾರು 10 ಕಿ.ಮೀ. ದೂರದ ರಾಬಿನ್ ಹುಡ್ಸ್ ಬೇ ಹಿಂದೆ ಕಳ್ಳಸಾಗಣೆಗೆ ಹೆಸರಾದ ಹಳ್ಳಿ. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸು.

ಊರಿನವರ ಅಳಲು

ಈ ಚೆಲುವಿಗೆ ಊರಿನವರು ಬೆಲೆ ತೆರುತ್ತಿದ್ದಾರೆ. ಹೊರಗಿನವರು ರಜೆಗೆಂದು ಮನೆ ಕೊಂಡು ದರ ಏರಿದ್ದರಿಂದ ಇಲ್ಲೇ ಹುಟ್ಟಿ ಬೆಳೆದವರಿಗೆ ಸೂರು ಸಿಗುತ್ತಿಲ್ಲ. ಹೊಸ ಮನೆಗಳು ಇಲ್ಲೇ ಕಾಯಂ ವಾಸಿಸುವವರಿಗೆ ಮಾತ್ರ ಸಿಗಬೇಕೆಂದು 2022ರ ಜೂನ್‌ನಲ್ಲಿ ನಡೆದ ಸ್ಥಳೀಯ ಮತದಾನದಲ್ಲಿ ಶೇ 90ಕ್ಕೂ ಹೆಚ್ಚು ಮತಗಳು ಬಿದ್ದವು. ಅದಕ್ಕೆ ಕಾನೂನಿನ ಬಲವಿರಲಿಲ್ಲ. ಅತ್ತ ಮನೆ ಕಿಟಕಿಗಳಲ್ಲಿ ಚಳಿಗಾಲವಿಡೀ ದೀಪ ಉರಿಯಬೇಕೆಂಬುದಷ್ಟೇ ಅವರ ಬೇಡಿಕೆ. ಇತ್ತ ಹೊಟ್ಟೆಪಾಡಿಗೆ ಪ್ರವಾಸಿಗರೂ ಬೇಕು.