ಏಜ್ ಆಫ್ ಎಂಪೈರ್ಸ್ 2: ಸ್ಥಳೀಯ ಜಾಲದಲ್ಲಿ ಬಹು ಆಟಗಾರರ ಆಟ

ಏಜ್ ಆಫ್ ಎಂಪೈರ್ಸ್ 2: ದಿ ಏಜ್ ಆಫ್ ಕಿಂಗ್ಸ್ ಎಂಬುದು ಎನ್ಸೆಂಬಲ್ ಸ್ಟುಡಿಯೋಸ್ ಸಂಸ್ಥೆಯು ರಚಿಸಿ, ಮೈಕ್ರೋಸಾಫ್ಟ್ 1999ರಲ್ಲಿ ಪ್ರಕಟಿಸಿದ ಗಣಕಯಂತ್ರದ ಆಟ. ಮಧ್ಯಯುಗದ ನಾಗರಿಕತೆಯೊಂದನ್ನು ಕಟ್ಟಿ ಬೆಳೆಸಿ ಎದುರಾಳಿಗಳನ್ನು ಗೆಲ್ಲುವುದು ಇದರ ತಿರುಳು. ಸ್ಥಳೀಯ ಜಾಲ, ಅಂದರೆ ಲ್ಯಾನ್ ಮೂಲಕ ಗರಿಷ್ಠ 8 ಮಂದಿ ಒಟ್ಟಿಗೆ ಆಡಬಹುದು. ಇದಕ್ಕೆ ಅಂತರಜಾಲ ಸಂಪರ್ಕ ಬೇಕಾಗಿಲ್ಲ. ಈ ಲೇಖನವು ಆಟದ ಮೂಲ ಸಿಡಿ ಆವೃತ್ತಿಗೆ ಸಂಬಂಧಿಸಿದೆ.

ಹಿನ್ನೆಲೆ

ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಆರಂಭವಾದ ಕೆಫೆ ಕಾಫಿ ಡೇಯ ಮೊದಲ ಮಳಿಗೆಯು ಸೈಬರ್ ಕೆಫೆಯೂ ಆಗಿತ್ತು. ಮುಂದೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಬಡಾವಣೆಗಳಲ್ಲಿಯೂ ಸೈಬರ್ ಕೆಫೆಗಳು ತಲೆಯೆತ್ತಿದವು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುವ ಮುನ್ನ, ಹಲವು ಗಣಕಗಳು ಒಂದೇ ಸ್ವಿಚ್ಚಿಗೆ ಜೋಡಿಸಲ್ಪಟ್ಟಿದ್ದ ಇಂಥ ಕೊಠಡಿಗಳು ಲ್ಯಾನ್ ಆಟಗಳಿಗೆ ಹೇಳಿ ಮಾಡಿಸಿದಂತಿದ್ದವು.

ಕಾರ್ಯವಿಧಾನ

ಪ್ರತಿಯೊಂದು ಗಣಕವೂ ಇಡೀ ಆಟವನ್ನು ತಾನೇ ಲೆಕ್ಕ ಹಾಕುತ್ತದೆ. ಜಾಲದಲ್ಲಿ ಸಾಗುವುದು ಆಟಗಾರರ ಆಜ್ಞೆಗಳು ಮಾತ್ರ. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ 1,500 ಬಿಲ್ಲುಗಾರರನ್ನು ನಡೆಸುವ ಈ ತಂತ್ರವನ್ನು ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ 2001ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಎಲ್ಲ ಗಣಕಗಳ ಲೆಕ್ಕವೂ ಒಂದೇ ಆಗಿರಬೇಕಾದ್ದರಿಂದ ಆವೃತ್ತಿಗಳು ಬೇರೆಯಾಗಿದ್ದರೆ ಆಟ ನಡೆಯದು. ಅತಿ ನಿಧಾನವಾದ ಗಣಕವೇ ಎಲ್ಲರ ಆಟದ ವೇಗವನ್ನು ನಿರ್ಧರಿಸುತ್ತದೆ.

ಜೋಡಣೆಯ ಕ್ರಮ

1. ಎಲ್ಲ ಗಣಕಗಳನ್ನು ಒಂದೇ ಸ್ವಿಚ್ ಅಥವಾ ರೂಟರಿಗೆ ಜೋಡಿಸಿ, ಆಟದ ಒಂದೇ ಆವೃತ್ತಿಯನ್ನು ಅಳವಡಿಸಬೇಕು.
2. ಗಣಕಗಳ ಐಪಿ ವಿಳಾಸಗಳು ಒಂದೇ ಶ್ರೇಣಿಯಲ್ಲಿರಬೇಕು. ಉದಾಹರಣೆಗೆ 192.168.1.11, 192.168.1.12, ಸಬ್‌ನೆಟ್ ಮಾಸ್ಕ್ 255.255.255.0. ರೂಟರ್ ಇದ್ದರೆ ಇವನ್ನು ಸಾಮಾನ್ಯವಾಗಿ ಅದೇ ಹಂಚುತ್ತದೆ.
3. ವಿಂಡೋಸ್ 10ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಪಟ್ಟಿಯನ್ನು ತೆರೆದು, ಲೆಗಸಿ ಕಾಂಪೊನೆಂಟ್ಸ್ ಅಡಿಯಲ್ಲಿರುವ ಡೈರೆಕ್ಟ್‌ಪ್ಲೇ ಅನ್ನು ಸಕ್ರಿಯಗೊಳಿಸಬೇಕು.
4. ಆಟದ ಮಲ್ಟಿಪ್ಲೇಯರ್ ವಿಭಾಗದಲ್ಲಿ ಟಿಸಿಪಿ/ಐಪಿ ಸಂಪರ್ಕವನ್ನು ಆರಿಸಬೇಕು. ಹಿಂದೆ ಬಳಕೆಯಲ್ಲಿದ್ದ ಐಪಿಎಕ್ಸ್ ವಿಂಡೋಸ್ ವಿಸ್ತಾದಿಂದೀಚೆಗೆ ಲಭ್ಯವಿಲ್ಲ.
5. ಒಬ್ಬರು ಆತಿಥೇಯರಾಗಿ ಆಟವನ್ನು ಸೃಷ್ಟಿಸಬೇಕು. ಉಳಿದವರು ಅದನ್ನು ಸೇರಬೇಕು. ಎಲ್ಲರೂ ಸಿದ್ಧರೆಂದು ಸೂಚಿಸಿದ ನಂತರ ಆತಿಥೇಯರು ಆಟ ಆರಂಭಿಸುತ್ತಾರೆ.

ಸಮಸ್ಯೆಗಳು ಮತ್ತು ಎಚ್ಚರಿಕೆ

ಆಟವು ಇತರರ ಪಟ್ಟಿಯಲ್ಲಿ ಕಾಣಿಸದಿದ್ದರೆ ಸಾಮಾನ್ಯವಾಗಿ ಫೈರ್‌ವಾಲ್ ಅಡ್ಡಿಯಾಗಿರುತ್ತದೆ. ಆಗ ಫೈರ್‌ವಾಲನ್ನೇ ಪೂರ್ತಿ ನಿಲ್ಲಿಸುವ ರೂಢಿ ಅಪಾಯಕರ. ಅದರಿಂದ ಗಣಕದಲ್ಲಿರುವ ಇತರ ಕಡತಗಳ ರಕ್ಷಣೆಯೂ ಹೋಗುತ್ತದೆ. ಈ ಆಟವೊಂದಕ್ಕೆ ಮಾತ್ರ ಖಾಸಗಿ ಜಾಲದಲ್ಲಿ ಅನುಮತಿ ನೀಡಿದರೆ ಸಾಕು. ಡೈರೆಕ್ಟ್‌ಪ್ಲೇ ಬಳಸುವ ದ್ವಾರಗಳು ಟಿಸಿಪಿ 47624 ಹಾಗೂ ಟಿಸಿಪಿ ಮತ್ತು ಯುಡಿಪಿ 2300–2400. ಸ್ಥಳೀಯ ಆಟಕ್ಕಾಗಿ ಇವನ್ನು ರೂಟರಿನಲ್ಲಿ ಅಂತರಜಾಲಕ್ಕೆ ತೆರೆದಿಡುವ ಅಗತ್ಯವಿಲ್ಲ. ಗಣಕದಲ್ಲಿ ವೈಫೈ ಮತ್ತು ಕೇಬಲ್ ಎರಡೂ ಸಕ್ರಿಯವಾಗಿದ್ದರೆ ಆಟವು ತಪ್ಪು ಸಂಪರ್ಕವನ್ನು ಆರಿಸಿಕೊಳ್ಳಬಹುದು. ಬಳಸದಿರುವುದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವುದು ಇದಕ್ಕೆ ಪರಿಹಾರ.