ಕಲ್ಮನೆಗೆ ಹೂವು

ರಾತ್ರಿ ಸುರಿದ ಮಳೆಗೆ ಬಾದಾಮಿಯ ಗುಡ್ಡಗಳು ನೀರಲ್ಲಿ ಅದ್ದಿ ತೆಗೆದ ಇಟ್ಟಿಗೆಯಂತೆ ಕೆಂಪೇರಿದ್ದವು. ಬೆಳಗಿನ ಏಳು ಗಂಟೆಗೇ ಅಗಸ್ತ್ಯತೀರ್ಥ ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದು ಏಟು ಮೆಟ್ಟಿಲ ಮೇಲೆ ಬಿದ್ದರೆ, ಅದೇ ಏಟು ಎದುರಿನ ಬಂಡೆಗೆ ಬಡಿದು ಅರೆಕ್ಷಣ ತಡವಾಗಿ ತಿರುಗಿ ಬರುತ್ತಿತ್ತು. ಅವ್ವ ಅಲ್ಲೇ ನಿಂತು ಬಹಳ ಹೊತ್ತು ಆಲಿಸಿದಳು. ಎರಡು ದಿನದ ತಿರುಗಾಟ ನಮ್ಮದು. ಆತುರವಿರಲಿಲ್ಲ.

ಗುಹೆಗಳಿಗೆ ಮೆಟ್ಟಿಲೇರುವಾಗ ಕೋತಿಗಳ ಕಾಟ ಇದ್ದೇ ಇದೆ. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಎಲ್ಲರೂ ಕೈ ಎಣಿಸುತ್ತಾರೆ, ನಾವೂ ಎಣಿಸಿದೆವು. ಎರಡನೆಯದರಲ್ಲಿ ತ್ರಿವಿಕ್ರಮ ಕಾಲೆತ್ತಿ ನಿಂತಿದ್ದಾನೆ. ನನ್ನ ಕಾಲು ತಡೆದದ್ದು ಮೂರನೆಯ ಗುಹೆಯಲ್ಲಿ. ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣುವಿನ ಮುಖದಲ್ಲಿ ಎಂಥ ನೆಮ್ಮದಿ! ಹತ್ತಿರ ಹೋಗಿ ನೋಡಿದರೆ ಇಲ್ಲಿನ ಕಂಬಗಳ ಮೇಲೆ, ಗೋಡೆಗಳ ಮೇಲೆ ನಸುಗೆಂಪು, ಹಳದಿ, ಬೂದುಬಣ್ಣದ ಪಟ್ಟೆಗಳು ಓರೆಯಾಗಿ ಹರಿದಿವೆ. ಯಾರೂ ಬಳಿದ ಬಣ್ಣವಲ್ಲ ಅದು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಪದರಪದರವಾಗಿ ಹಾಸಿದ ಮರಳು ಗಟ್ಟಿಯಾಗಿ ಕಲ್ಲಾದ ಗುರುತು. ಶಿಲ್ಪಿ ಅದನ್ನು ಮರೆಮಾಡಲು ಹೋಗಿಲ್ಲ. ಇಲ್ಲಿ ಗುಡ್ಡವೆಲ್ಲಿ ಮುಗಿಯಿತು, ಗುಡಿಯೆಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನಗಂತೂ ಆಗಲಿಲ್ಲ.

ಚಾಲುಕ್ಯ ಮಂಗಲೇಶ ಈ ಗುಹೆಯನ್ನು ಮುಗಿಸಿದ್ದು ಕ್ರಿ.ಶ. 578ರಲ್ಲಿ. ಅದರ ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಧಾರೆ ಎರೆದೆನೆಂದು ಸಂಸ್ಕೃತ ಶಾಸನ ಹೇಳುತ್ತದೆ. ನನಗೆ ಅದಕ್ಕಿಂತ ಆಪ್ತವಾದದ್ದು ಇಲ್ಲಿಯೇ ಇರುವ ಪುಟ್ಟ ಕನ್ನಡ ಶಾಸನ. ದೇವರಿಗೆ ಹೂಮಾಲೆ ಕಟ್ಟುವವರಿಗಾಗಿ ಲಂಜಿಗೇಸರವೆಂಬ ಊರನ್ನು ಬಿಟ್ಟುಕೊಟ್ಟ ದಾನ ಅದರಲ್ಲಿದೆ. ಗುಹೆಗೆ ಅದು ಬಳಸುವ ಮಾತು ‘ಕಲ್ಮನೆ’. ಕಲ್ಲಿನ ಮನೆ! ಹದಿನಾಲ್ಕು ಶತಮಾನ ದಾಟಿಯೂ ಅರ್ಥ ಕೇಳುವ ಅಗತ್ಯವಿಲ್ಲದ ಮಾತು. ಅರಸನ ಹೆಸರಿನ ಜತೆಗೆ ಹೂ ಕಟ್ಟುವವರ ಅನ್ನವೂ ಬಂಡೆಯ ಮೇಲೆ ದಾಖಲಾಗಿದೆ ಎಂಬುದು ನನ್ನನ್ನು ಕರಗಿಸಿತು.

ಇದನ್ನು ಹೇಳಿದಾಗ ಅವ್ವ ಗರ್ಭಗುಡಿಯ ಕತ್ತಲಿಗೆ ಇಣುಕಿದಳು. ಒಳಗೆ ಏನೂ ಇಲ್ಲ. ಪೂಜೆ ನಿಂತು ಎಷ್ಟು ಕಾಲವಾಯಿತೋ.

“ಇಷ್ಟು ಛಂದ ಮನಿ ಕಟ್ಟ್ಯಾರ, ಒಂದು ಹೂವಿನ ಎಸಳೂ ಇಲ್ಲಲ್ಲೋ ಮಗನ,” ಅಂದಳು.

ಮೇಲಿನ ಜೈನ ಗುಹೆಯ ಬಾಹುಬಲಿ, ಪಾರ್ಶ್ವನಾಥರನ್ನು ನೋಡಿ ಇಳಿದೆವು. ಸಂಜೆ ಕೆರೆಯ ಆಚೆ ದಡದ ಭೂತನಾಥನ ಗುಡಿಯ ಕಟ್ಟೆ ಮೇಲೆ ಕುಳಿತೆವು. ಮಳೆಯ ನೀರು ಬಂಡೆಯ ಅಂಚಿನಿಂದ ಬೆಳ್ಳಗೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಬಂದವರಿಗೆ ಈ ನೋಟ ಸಿಗದು. ಹೊತ್ತು ಇಳಿದಂತೆ ಕೆಂಪು ಗುಡ್ಡದ ನೆರಳು ಕೆರೆಯೊಳಗೆ ಅಲುಗದೆ ನಿಂತಿತು.

ಮರುದಿನ ಬನಶಂಕರಿ. ಗುಡಿಯ ಹೊರಗೆ ಅವ್ವ ಎರಡು ಮೊಳ ಸೇವಂತಿಗೆ ಕೊಂಡಳು. ಒಂದನ್ನು ದೇವಿಗೆ ಕೊಟ್ಟಳು, ಇನ್ನೊಂದನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಳು. ಹೊಂಡದ ಬಳಿ ಬುಟ್ಟಿ ಹೊತ್ತ ಹೆಂಗಸೊಬ್ಬಳು, “ಬರ್ರಿ ಅವ್ವಾರ, ಕುಂಡ್ರಿ, ಉಂಡು ಹೋಗ್ರಿ,” ಎಂದು ಕರೆದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಪುಟ್ಟ ಮಡಕೆಯಲ್ಲಿ ಹೆಪ್ಪುಗಟ್ಟಿದ ಮೊಸರು. ಖಾರಕ್ಕೆ ನನ್ನ ಕಣ್ಣು ತುಂಬಿದ್ದು ನೋಡಿ ಆಕೆ ಕೇಳದೆಯೇ ಇನ್ನಷ್ಟು ಮೊಸರು ಸುರಿದಳು. ಬನಶಂಕರಿಗೆ ಬಂದು ಈ ಬುಟ್ಟಿಯ ಊಟ ಉಣ್ಣದೆ ಹೋಗಬಾರದು.

ಪಟ್ಟದಕಲ್ಲು ತಲುಪಿದಾಗ ಮಧ್ಯಾಹ್ನ. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಅವಳ ದಡದ ಬಯಲಲ್ಲಿ ನಾಗರ ಶಿಖರಗಳೂ ದ್ರಾವಿಡ ವಿಮಾನಗಳೂ ಒಂದೇ ಓಣಿಯ ನೆರೆಮನೆಗಳಂತೆ ನಿಂತಿವೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷ ಗುಡಿ ಕಟ್ಟಿದ ಸೂತ್ರಧಾರಿ ಅನಿವಾರಿತಾಚಾರಿ ಗುಂಡನ ಹೆಸರೂ, ಅವನಿಗೆ ಸಂದ ಗೌರವವೂ ಶಾಸನದಲ್ಲಿವೆ. ಒಳಗಿನ ಕಂಬವೊಂದರಲ್ಲಿ ಸೀತೆಯನ್ನು ಹೊತ್ತೊಯ್ಯುವ ರಾವಣನಿಗೆ ಜಟಾಯು ಅಡ್ಡಬಂದಿದ್ದಾನೆ. ಜಾಲಂಧ್ರದಿಂದ ಬಿದ್ದ ಬಿಸಿಲಿನ ತುಣುಕುಗಳು ನೆಲದ ಮೇಲೆ ಹರಡಿದ್ದವು.

ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಗರ್ಭಗುಡಿಯಿಂದ ಎಣ್ಣೆದೀಪದ ವಾಸನೆ ಬಂದಾಗ ಅವ್ವನ ಮುಖ ಅರಳಿತು. ಚೀಲದಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಸೇವಂತಿಗೆ ಸ್ವಲ್ಪ ಬಾಡಿತ್ತು. ಅರ್ಧ ತುಂಡು ಮಾಡಿ ಪೂಜಾರಿಯ ತಟ್ಟೆಗೆ ಹಾಕಿದಳು. ಉಳಿದದ್ದನ್ನು ಹಿಡಿದು ಹೊರಗಿನ ಮಂಟಪಕ್ಕೆ ಬಂದು, ಕೆಂಪು ಬಟ್ಟೆ ಹೊದ್ದ ಕರಿಯ ಕಲ್ಲಿನ ನಂದಿಯ ಮುಂಗಾಲ ಬಳಿ ಇಟ್ಟಳು.

“ಬಾದಾಮಿಯದು?” ಅಂದೆ.

“ಹೂಂ. ಆ ಮನಿಯವರದೂ ಇಲ್ಲೇ ಸಂದಾಯ ಆಗಲಿ.”

ಪೂರ್ವದ ಬಾಗಿಲಾಚೆ ಹೊಳೆ ಮಳೆನೀರಿಗೆ ಕೆಂಪಾಗಿ ಹರಿಯುತ್ತಿತ್ತು.