ಸ್ಥಿರ ಗೇರ್ ಸೈಕಲ್ಲಿಗೆ ಗೇರ್ ಅನುಪಾತದ ಆಯ್ಕೆ

ಸ್ಥಿರ ಗೇರ್ ಸೈಕಲ್ ಅಥವಾ ಫಿಕ್ಸೆಡ್ ಗೇರ್ ಸೈಕಲ್ ಎಂಬುದು ಫ್ರೀವೀಲ್ ಇಲ್ಲದ, ಹಿಂಬದಿಯ ಹಲ್ಲುಚಕ್ರವು ಹಬ್‌ಗೆ ನೇರವಾಗಿ ಬಿಗಿಯಲ್ಪಟ್ಟಿರುವ ಸೈಕಲ್ ಆಗಿದೆ. ಇದರಲ್ಲಿ ಚಕ್ರ ಉರುಳುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸವಾರನು ಕಾಲು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಹೋಗಲು ಬಿಡುವಂತಿಲ್ಲ. ಏರು, ಇಳಿಜಾರು, ಎದುರುಗಾಳಿ ಎಲ್ಲಕ್ಕೂ ಒಂದೇ ಗೇರ್ ಇರುವುದರಿಂದ, ಮೊದಲ ಬಾರಿಗೆ ಇಂತಹ ಸೈಕಲ್ ಕಟ್ಟಿಸಿಕೊಳ್ಳುವವರು ಆರಿಸುವ ಅನುಪಾತವೇ ಅವರ ಮಂಡಿಯ ಆರೋಗ್ಯವನ್ನೂ ಇಳಿಜಾರಿನಲ್ಲಿ ಅವರ ಸುರಕ್ಷತೆಯನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಅನುಪಾತ ಮತ್ತು ಅಳತೆಗಳು

ಮುಂದಿನ ಚೈನ್‌ವೀಲಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಗೇರ್ ಅನುಪಾತ ದೊರೆಯುತ್ತದೆ. 44 ಹಲ್ಲಿನ ಚೈನ್‌ವೀಲ್ ಮತ್ತು 17 ಹಲ್ಲಿನ ಹಿಂಚಕ್ರವಿದ್ದರೆ ಅನುಪಾತ 2.59, ಅಂದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂಬದಿ ಚಕ್ರ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಆದರೆ ಚಕ್ರದ ಗಾತ್ರ ಬೇರೆಯಾದರೆ ಅನುಪಾತವೊಂದರಿಂದಲೇ ಹೋಲಿಕೆ ಸಾಧ್ಯವಿಲ್ಲ. ಅದಕ್ಕಾಗಿ ಅನುಪಾತವನ್ನು ಚಕ್ರದ ವ್ಯಾಸದಿಂದ ಗುಣಿಸಿ 'ಗೇರ್ ಅಂಗುಲ' ಎಂಬ ಅಳತೆಯನ್ನು ಬಳಸಲಾಗುತ್ತದೆ. ಇದು 19ನೇ ಶತಮಾನದ ಎತ್ತರದ ಮುಂಚಕ್ರದ ಸೈಕಲ್ಲುಗಳಿಂದ ಬಂದ ಅಳತೆ. ಅವುಗಳಲ್ಲಿ ಪೆಡಲ್ ಮುಂಚಕ್ರಕ್ಕೇ ಜೋಡಣೆಯಾಗಿದ್ದರಿಂದ ಚಕ್ರದ ವ್ಯಾಸವೇ ಗೇರ್ ಆಗಿತ್ತು. ಆ ಅರ್ಥದಲ್ಲಿ ಅವೂ ಸ್ಥಿರ ಗೇರಿನ ಸೈಕಲ್ಲುಗಳೇ.

ಇನ್ನೊಂದು ಅಳತೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ ಕ್ರಮಿಸುವ ದೂರ. 700×25 ಟೈರಿನ ಸುತ್ತಳತೆ ಸುಮಾರು 2.1 ಮೀಟರ್ ಇರುವುದರಿಂದ 44×17 ಜೋಡಿಯಲ್ಲಿ ಈ ದೂರ ಸುಮಾರು 5.45 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19.6 ಕಿ.ಮೀ., 90 ಸುತ್ತು ತುಳಿದರೆ 29.4 ಕಿ.ಮೀ. ವೇಗ ಬರುತ್ತದೆ. ಲೆಕ್ಕ ಬೇಡವೆನ್ನುವವರು ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಪೆಡಲ್ ಒಂದು ಸುತ್ತು ಮುಗಿಸುವಲ್ಲಿಗೆ ನೆಲದ ಮೇಲೆ ಗುರುತು ಹಾಕಿ ಟೇಪಿನಿಂದ ಅಳೆಯಬಹುದು.

ಪರಿಚಿತ ಸೈಕಲ್ಲಿನೊಂದಿಗೆ ಹೋಲಿಕೆ

ಕರ್ನಾಟಕದ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಓಡಾಡಿದ ಕಪ್ಪು ಬಣ್ಣದ ಎತ್ತರದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲುಗಳಿರುತ್ತವೆ. ಚಕ್ರ 28 ಅಂಗುಲದ್ದು. ಇದರ ಗೇರ್ 68.4 ಅಂಗುಲ. ಮೇಲೆ ಹೇಳಿದ 44×17 ಜೋಡಿಯನ್ನು 700ರ ಸಣ್ಣ ಚಕ್ರಕ್ಕೆ ಹಾಕಿದರೆ ಬರುವುದು 68.3 ಅಂಗುಲ. ಎರಡೂ ಹೆಚ್ಚುಕಡಿಮೆ ಒಂದೇ. ಮನೆಯ ಹಳೆಯ ಸೈಕಲ್ಲನ್ನು ತುಳಿದು ಬೆಳೆದವರ ಕಾಲಿಗೆ ಈ ಗೇರ್ ಆಗಲೇ ಪರಿಚಿತವಾಗಿರುತ್ತದೆ. ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಡಿ 8ನೇ ತರಗತಿಯ ಮಕ್ಕಳಿಗೆ ಹಂಚಲಾದ ಸೈಕಲ್ಲುಗಳೂ ಒಂದೇ ಗೇರಿನವು. ಆದರೆ ಇವೆಲ್ಲವುಗಳಲ್ಲಿ ಫ್ರೀವೀಲ್ ಇದೆ, ಇಳಿಜಾರಿನಲ್ಲಿ ಕಾಲಿಗೆ ವಿಶ್ರಾಂತಿ ಸಿಗುತ್ತದೆ. ಸ್ಥಿರ ಗೇರಿನಲ್ಲಿ ಆ ಅನುಕೂಲವಿಲ್ಲ.

ಕಾರ್ಖಾನೆಯಿಂದ ಸಿದ್ಧವಾಗಿ ಬರುವ ಹಲವು ಸ್ಥಿರ ಗೇರ್ ಸೈಕಲ್ಲುಗಳಲ್ಲಿ 46×16 ಜೋಡಿ ಇರುತ್ತದೆ. ಇದರ ಅನುಪಾತ 2.88, ಗೇರ್ ಸುಮಾರು 76 ಅಂಗುಲ. ಸಮತಟ್ಟಾದ ನಗರರಸ್ತೆಗೆ ಇದು ಒಗ್ಗಬಹುದು. ಹೊಸಬರಿಗೆ ತುಸು ಭಾರವೆಂದೇ ಹೇಳಬೇಕು.

ಭೂಪ್ರದೇಶ ಮತ್ತು ಗಾಳಿ

ತುಮಕೂರು ಜಿಲ್ಲೆಯ ಉತ್ತರಭಾಗವು ಈ ಆಯ್ಕೆಯ ಕಷ್ಟವನ್ನು ಚೆನ್ನಾಗಿ ತೋರಿಸುತ್ತದೆ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಸುತ್ತಮುತ್ತ ಮತ್ತು ಪಾವಗಡದ ಕಡೆ ನೆಲವು ಬಹುಪಾಲು ಬಯಲು, ಅಲ್ಲಲ್ಲಿ ಸಣ್ಣ ಏರಿಳಿತ. ಮಧುಗಿರಿ, ಕೊರಟಗೆರೆಗಳತ್ತ ಬಂದರೆ ಬಂಡೆಬೆಟ್ಟಗಳು ಎದುರಾಗುತ್ತವೆ. ತುಮಕೂರಿನ ಸಮೀಪದ ದೇವರಾಯನದುರ್ಗದ ರಸ್ತೆಯಂತೂ ಕಡಿದಾದ ಏರು. ಬಯಲಿನಲ್ಲಿ ಹಿತವೆನಿಸಿದ ಗೇರ್ ಇಲ್ಲಿ ಶಿಕ್ಷೆಯಾಗಬಹುದು.

ಸವಾರ ಮತ್ತು ಸೈಕಲ್ ಸೇರಿ 75 ಕಿಲೋ ತೂಕವಿದ್ದು, ರಸ್ತೆ ನೂರು ಮೀಟರಿಗೆ ಐದು ಮೀಟರ್ ಏರುತ್ತದೆ ಎಂದಿಟ್ಟುಕೊಳ್ಳೋಣ. 170 ಮಿ.ಮೀ. ಉದ್ದದ ಕ್ರ್ಯಾಂಕಿನಲ್ಲಿ, ಏರನ್ನು ಮೀರುವುದಕ್ಕಾಗಿಯೇ 44×17ರಲ್ಲಿ ಸುತ್ತಿನುದ್ದಕ್ಕೂ ಸರಾಸರಿ 19 ಕಿಲೋ ತೂಕದಷ್ಟು ಬಲವನ್ನು ಪೆಡಲಿಗೆ ಕೊಡಬೇಕು. 46×16ರಲ್ಲಿ 21 ಕಿಲೋ. ಪೆಡಲ್ ಅಡ್ಡಲಾಗಿರುವ ಗಳಿಗೆಯಲ್ಲಿ ಒತ್ತಡ ಈ ಸರಾಸರಿಗಿಂತ ಬಹಳ ಹೆಚ್ಚು. ವ್ಯತ್ಯಾಸ ಸಣ್ಣದೆಂದು ತೋರಿದರೂ, ಗಂಟೆಗೆ 10 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 30 ಸುತ್ತಿನಂತೆ ಒಂದೇ ಸಮನೆ ಒತ್ತುವ ಮಂಡಿಗೆ ಅದು ಸಣ್ಣದಲ್ಲ.

ಬಯಲುಸೀಮೆಯವರು ಏರಿಗಿಂತ ಗಾಳಿಯನ್ನೇ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಮಳೆ ಕಡಿಮೆ, ಪಡುವಣ ಗಾಳಿ ಜೋರು. ಗಾಳಿಯ ತಡೆಯು ಸಾಪೇಕ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವನಿಗೆ 15 ಕಿ.ಮೀ. ವೇಗದ ಗಾಳಿ ಎದುರಾದರೆ ತಡೆ ಮೂರು ಪಟ್ಟಾಗುತ್ತದೆ. ನೆಲ ಸಮತಟ್ಟೆಂದು ಭಾರದ ಗೇರ್ ಹಾಕಿಸಿಕೊಂಡವರು ಆಷಾಢದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದಾಗ ಇದರ ಅನುಭವವಾಗುತ್ತದೆ.

ಈ ಕಾರಣಗಳಿಂದ ಇಂತಹ ಪ್ರದೇಶದಲ್ಲಿ ಹೊಸಬರಿಗೆ 2.5ರಿಂದ 2.7ರ ನಡುವಿನ ಅನುಪಾತ ಸೂಕ್ತ. 44×17, 46×18 (2.56) ಈ ಮಿತಿಯೊಳಗಿವೆ, 46×17 (2.71) ಅದರ ಮೇಲಂಚಿನಲ್ಲಿದೆ.

ಇಳಿಜಾರು ಮತ್ತು ಬ್ರೇಕು

ಹಗುರ ಗೇರಿಗೂ ಒಂದು ಬೆಲೆಯಿದೆ. ಇಳಿಜಾರಿನಲ್ಲಿ ವೇಗ ಗಂಟೆಗೆ 40 ಕಿ.ಮೀ. ಮುಟ್ಟಿದರೆ 46×16ರಲ್ಲಿ ಕಾಲು ನಿಮಿಷಕ್ಕೆ 110 ಸುತ್ತು ತಿರುಗಬೇಕು, 44×17ರಲ್ಲಿ 122 ಸುತ್ತು. ಅಭ್ಯಾಸವಿಲ್ಲದವರ ಕಾಲು ಈ ಗತಿಯಲ್ಲಿ ಪೆಡಲಿನಿಂದ ಜಾರಿದರೆ ತಿರುಗುವ ಪೆಡಲ್ ನಿಲ್ಲುವುದಿಲ್ಲ, ಪೆಟ್ಟು ಬೀಳುತ್ತದೆ. ಕಾಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸುವುದು ಸಾಧ್ಯವಾದರೂ ಅದು ಹಿಂಬದಿ ಚಕ್ರದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ನಿಲ್ಲಿಸುವಾಗ ಭಾರವು ಮುಂದಕ್ಕೆ ಸರಿಯುವುದರಿಂದ ಹಿಂಚಕ್ರದ ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ರಸ್ತೆಯಲ್ಲಿ ಓಡಿಸುವ ಸ್ಥಿರ ಗೇರ್ ಸೈಕಲ್ಲಿಗೆ ಮುಂಬದಿಯ ಕೈಬ್ರೇಕು ಇರಲೇಬೇಕು. ಬ್ರಿಟನ್ನಿನ 1983ರ ನಿಯಮಗಳು ಸ್ಥಿರ ಚಕ್ರದ ಸೈಕಲ್ಲಿಗೂ ಇದನ್ನು ಕಡ್ಡಾಯಗೊಳಿಸಿವೆ. ಬ್ರೇಕಿಲ್ಲದ ಸೈಕಲ್ಲಿನ ಅಂದವನ್ನು ಹೊಗಳುವವರ ಮಾತಿಗೆ ಹೊಸಬರು ಕಿವಿಗೊಡದಿರುವುದು ಲೇಸು.

ಹಿಂಚಕ್ರವನ್ನು ಪದೇ ಪದೇ ಜಾರಿಸಿ ನಿಲ್ಲಿಸಿದರೆ ಟೈರು ಕೆಲವೇ ಜಾಗಗಳಲ್ಲಿ ಸವೆಯುತ್ತದೆ. ಅನುಪಾತವನ್ನು ಭಿನ್ನರಾಶಿಯಾಗಿ ಸಂಕ್ಷೇಪಿಸಿದಾಗ ಕೆಳಗೆ ಉಳಿಯುವ ಸಂಖ್ಯೆಯೇ, ಒಂದೇ ಕಾಲನ್ನು ಮುಂದಿಟ್ಟು ಜಾರಿಸುವವರ ಟೈರಿನ ಸವೆತದ ಜಾಗಗಳ ಸಂಖ್ಯೆ. 48×16 ಎಂದರೆ 3/1. ಪ್ರತಿಸಲವೂ ಒಂದೇ ಜಾಗ ಉಜ್ಜಲ್ಪಡುತ್ತದೆ. 44×17ರಲ್ಲಿ 17 ಜಾಗಗಳಿಗೆ ಸವೆತ ಹಂಚಿಹೋಗುತ್ತದೆ. ಜಾಲಿಮುಳ್ಳಿನ ಸೀಮೆಯಲ್ಲಿ ತೆಳುವಾದ ಟೈರು ಬೇಗ ಪಂಕ್ಚರ್ ಆಗುವುದರಿಂದ ಇದು ಕೇವಲ ಲೆಕ್ಕದ ವಿನೋದವಲ್ಲ.

ಟ್ರ್ಯಾಕ್ ಸೈಕ್ಲಿಂಗ್

ವೆಲೊಡ್ರೋಮ್ ಸ್ಪರ್ಧೆಗಳಲ್ಲಿ ಸ್ಥಿರ ಗೇರ್ ಇಂದಿಗೂ ನಿಯಮ. ಅಲ್ಲಿಯ ಗೇರುಗಳು ರಸ್ತೆಗೆ ಮಾದರಿಯಲ್ಲ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಕ್ರಮಿಸಿದಾಗ ಬಳಸಿದ್ದು 52×14, ಅಂದರೆ 3.71ರ ಅನುಪಾತ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕಕ್ಕೆ ಅನೇಕ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿವೆ. ಅಂತಹ ತರಬೇತಿ ಪಡೆದವರ ಗೇರನ್ನು ಶಾಲೆಗೋ ಸಂತೆಗೋ ಹೋಗುವ ಸೈಕಲ್ಲಿಗೆ ಅಳವಡಿಸುವುದು ಸರಿಯಲ್ಲ.

ಅನುಪಾತ ಬದಲಿಸುವಾಗ

ಹಿಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲಿನ ವ್ಯತ್ಯಾಸ ಸುಮಾರು ಶೇ. 6ರಷ್ಟು, ಮುಂದಿನದರಲ್ಲಿ ಸುಮಾರು ಶೇ. 2ರಷ್ಟು ಬದಲಾವಣೆ ತರುತ್ತದೆ. ಹಿಂದಿನದು ಅಗ್ಗವೂ ಹೌದು. ಹೀಗಾಗಿ ಮೊದಲು 17 ಹಲ್ಲಿನದನ್ನು ಹಾಕಿ, ಕೆಲವು ವಾರಗಳ ಬಳಿಕ 16 ಅಥವಾ 18ಕ್ಕೆ ಹೋಗುವುದು ವಾಡಿಕೆ. ಒಂದು ಹಲ್ಲು ಬದಲಾದರೆ ಹಿಂಬದಿಯ ಆಕ್ಸಲ್ ಸುಮಾರು 3 ಮಿ.ಮೀ. ಮಾತ್ರ ಸರಿಯುವುದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಅದೇ ಚೈನು ಸಾಕಾಗುತ್ತದೆ. ಒಂದು ಬದಿಗೆ ಸ್ಥಿರ ಹಲ್ಲುಚಕ್ರ, ಇನ್ನೊಂದು ಬದಿಗೆ ಫ್ರೀವೀಲ್ ಹಾಕಬಹುದಾದ ಫ್ಲಿಪ್-ಫ್ಲಾಪ್ ಹಬ್ ಇದ್ದರೆ ಬೆಟ್ಟದ ದಾರಿಗೆ ಮುನ್ನ ಚಕ್ರವನ್ನು ತಿರುಗಿಸಿ ಜೋಡಿಸಿಕೊಳ್ಳಬಹುದು.

ಸಾಮಾನ್ಯ ಫ್ರೀವೀಲ್ ಹಬ್‌ಗೆ ಸ್ಥಿರ ಹಲ್ಲುಚಕ್ರವನ್ನು ತಿರುಗಿಸಿ ಕೂರಿಸಲು ಸಾಧ್ಯವಿದೆ, ಏಕೆಂದರೆ ಎರಡರ ಮರೆಯೂ ಒಂದೇ ಅಳತೆಯದಾಗಿರುತ್ತದೆ. ಆದರೆ ಅದರಲ್ಲಿ ಎಡಮರೆಯ ಲಾಕ್‌ರಿಂಗ್‌ಗೆ ಸ್ಥಳವಿಲ್ಲ. ಕಾಲನ್ನು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರವು ಬಿಚ್ಚಿಕೊಳ್ಳುತ್ತದೆ, ಅದೂ ಸವಾರನು ಸೈಕಲ್ಲನ್ನು ನಿಲ್ಲಿಸಲು ಯತ್ನಿಸುತ್ತಿರುವ ಹೊತ್ತಿನಲ್ಲೇ. ಸ್ಥಿರ ಗೇರಿಗಾಗಿ ಲಾಕ್‌ರಿಂಗ್ ಇರುವ ಟ್ರ್ಯಾಕ್ ಹಬ್ಬನ್ನೇ ಬಳಸಬೇಕು.